ರೀಕ್ಯಾಪ್ ಕಿತ್ತಾಕಿ ಸೇತುವೆ ಮೇಲೆ ಒಂದು ಪ್ರಶ್ನೆ ಇಟ್ಟೆ

ಗೇಮಿಗೆ ಸೀಕ್ವೆಲ್ ಮಾಡೋರಿಗೆಲ್ಲ ಈ ತಲೆನೋವು ಗೊತ್ತೇ ಇರುತ್ತೆ. ಮೊದಲನೇ ಭಾಗ ಆಡಿದೋರಿಗೆ ಹಳೇ ಕಥೆ ಮತ್ತೆ ಹೇಳಿದ್ರೆ ಬೋರು, ಆಡದೇ ಬಂದೋರಿಗೆ ಹೇಳ್ದಿದ್ರೆ ತಲೆಬುಡ ಗೊತ್ತಾಗಲ್ಲ. ನಮ್ಮ ಎರಡನೇ ಗೇಮಲ್ಲಿ ರೀಕ್ಯಾಪ್ (ಹಿಂದಿನ ಕಥೆಯ ಸಾರಾಂಶ) ಪೂರ್ತಿ ತೆಗೀತೀನಿ ಅಂದಾಗ ಟೀಮಲ್ಲಿ ಒಬ್ರೂ ಒಪ್ಲಿಲ್ಲ, ಪಬ್ಲಿಷರ್ ಕಡೆಯೋರಂತೂ "ಹೊಸಬ್ರೆಲ್ಲ ರೀಫಂಡ್ ಹಾಕ್ತಾರೆ ನೋಡ್ತಿರಿ" ಅಂತ ಮೇಲ್ ಮೇಲೆ ಮೇಲ್. ಈಗ ಗೇಮ್ ಹೊರಗೆ ಬಂದಾಗಿದೆ, ಆಡ್ತಿರೋರಲ್ಲಿ ಅರ್ಧಕ್ಕಿಂತ ಜಾಸ್ತಿ ಹೊಸಬ್ರೇ, ರಿವ್ಯೂಗಳಲ್ಲಿ "ಕಥೆ ಅರ್ಥ ಆಗ್ಲಿಲ್ಲ" ಅಂದೋರು ಬೆರಳೆಣಿಕೆ. ಅದಕ್ಕೇ ಬರೀತಿದೀನಿ.

ಮೊದ್ಲು ದುಡ್ಡು ಎಲ್ಲೆಲ್ಲಿ ಹೋಯ್ತು ಅಂತ ಹೇಳ್ಬಿಡ್ತೀನಿ. ಮೂರು ನಿಮಿಷದ ರೀಕ್ಯಾಪ್ ವಿಡಿಯೋ ಮಾಡ್ಸಿದ್ವಿ, ಆರ್ಟಿಸ್ಟು, ವಾಯ್ಸು, ಮ್ಯೂಸಿಕ್ಕು ಎಲ್ಲ ಸೇರಿ ಕಥೆಗೆ ಅಂತ ಇಟ್ಟಿದ್ದ ಬಜೆಟ್ಟಲ್ಲಿ ಹೆಚ್ಚುಕಮ್ಮಿ ಮೂರನೇ ಒಂದು ಭಾಗ ಅಲ್ಲೇ ಉಡೀಸ್. ಪ್ಲೇಟೆಸ್ಟಲ್ಲಿ, ಅಂದ್ರೆ ಬಿಡುಗಡೆಗೆ ಮುಂಚೆ ಜನರಿಗೆ ಆಡ್ಸಿ ನೋಡಿದಾಗ, ಹತ್ತರಲ್ಲಿ ಆರೇಳು ಜನ ವಿಡಿಯೋ ಶುರುವಾಗೋಕೂ ಮುಂಚೆನೇ ಸ್ಕಿಪ್ ಬಟನ್ ಮೇಲೆ ಬೆರಳಿಟ್ಟು ಕೂತಿದ್ರು. ಪೂರ್ತಿ ನೋಡಿದೋರನ್ನ ಅರ್ಧ ಗಂಟೆ ಬಿಟ್ಟು ಕೇಳಿದ್ರೆ ನೆನಪಿದ್ದಿದ್ದು ಮ್ಯೂಸಿಕ್ ಮಾತ್ರ. ಆಮೇಲೆ ಕೋಡೆಕ್ಸ್, ಅಂದ್ರೆ ಮೆನು ಒಳಗೆ ಇಡೋ ಕಥೆಯ ವಿಶ್ವಕೋಶ. ಇಪ್ಪತ್ತು ಸಾವಿರ ಪದದ ಹತ್ರ ಬರೆದಿದ್ದೆ, ಲೋಕಲೈಸೇಶನ್ನಿಗೆ (ಬೇರೆ ಭಾಷೆಗೆ ಅನುವಾದಕ್ಕೆ) ಪದಕ್ಕಿಷ್ಟು ಅಂತ ರೇಟು, ಅದೂ ಐದಾರು ಭಾಷೆಗೆ, ಯಾರೂ ತೆರೆಯದ ಮೆನುಗೆ ಇಷ್ಟು ಸುರೀಬೇಕಾ ಅನ್ನಿಸಿಬಿಡ್ತು. ಫೈನಲ್ ಫ್ಯಾಂಟಸಿ 16ರಲ್ಲಿ (2023) ಕಟ್‌ಸೀನ್ ನಿಲ್ಸಿದ್ರೆ ಆ ಸೀನಿಗೆ ಬೇಕಾದ ಲೋರ್ (ಹಿನ್ನೆಲೆ ಕಥೆ) ಮಾತ್ರ ಬರುತ್ತಲ್ಲ, ಅದು ನಿಜಕ್ಕೂ ಚೆನ್ನಾಗಿದೆ, ಆದ್ರೆ ಪ್ರತಿ ಸೀನಿಗೂ ಕೂತು ಟ್ಯಾಗ್ ಹಾಕೋದು ನಮ್ಮಂಥ ನಾಲ್ಕು ಜನದ ಟೀಮಿಗೆ ಆಗೋ ಮಾತಲ್ಲ.

ಆಡಿಯೋ ಲಾಗೂ (ದಾರೀಲಿ ಸಿಗೋ, ಕಥೆ ಹೇಳೋ ಧ್ವನಿಮುದ್ರಣ) ಟ್ರೈ ಮಾಡಿದ್ವಿ. ಸಿಸ್ಟಮ್ ಶಾಕ್, ಬಯೋಶಾಕ್ ಕಾಲದಿಂದ ಎಲ್ಲರೂ ಮಾಡೋದೇ. ನಮ್ಮ ಗೇಮಲ್ಲಿ ಎರಡೇ ತರ ಆಗ್ತಿತ್ತು, ಒಂದೋ ಆಡೋರು ಲಾಗ್ ಮುಗಿಯೋ ತನಕ ಗೋಡೆ ನೋಡ್ಕೊಂಡು ನಿಂತಿರ್ತಿದ್ರು, ಇಲ್ಲಾ ಮುಂದೆ ಹೋಗಿ ಫೈಟ್ ಶುರುವಾಗಿ ಮಾತು ಯಾವುದೂ ಕೇಳ್ತಿರ್ಲಿಲ್ಲ. ಹೇಗೂ ಸುಮ್ನೆ ನಿಲ್ಲಬೇಕಲ್ಲ ಅಂತ ಲಿಫ್ಟ್ ಇರೋ ಕಡೆ ಮಾತ್ರ ಉಳಿಸ್ಕೊಂಡೆ.

ಕೊನೆಗೆ ದಾರಿ ಸಿಕ್ಕಿದ್ದು ವಿಚರ್ 3 ಗೇಮಿಂದ (2015). ಅದರ ಶುರುವಲ್ಲಿ ಅರಮನೇಲಿ ಒಬ್ಬ ಅಧಿಕಾರಿ ನಾಯಕ ಗೆರಾಲ್ಟ್‌ನ ಕೂರಿಸ್ಕೊಂಡು ವಿಚರ್ 2ರಲ್ಲಿ ಏನೇನು ಮಾಡಿದೆ ಅಂತ ವಿಚಾರಿಸ್ತಾನೆ, ಹಳೇ ಗೇಮಿನ ಸೇವ್ ಫೈಲ್ ಇಲ್ದೇ ಬಂದೋರ ಹತ್ರ ಹಳೇ ನಿರ್ಧಾರ ತಿಳ್ಕೊಳ್ಳೋಕೆ ಅದು. ನಾನು ಅದನ್ನೇ ಉಲ್ಟಾ ಮಾಡಿದೆ, ಕೇಳೋ ನೆಪದಲ್ಲಿ ಹೇಳಿಬಿಡೋದು. ಸೇತುವೆ ಮೇಲೆ ಒಬ್ಬ ಕಾವಲುಗಾರ ತಡೆದು ಕೇಳ್ತಾನೆ: "ಅಣೆಕಟ್ಟು ಒಡೆದ ರಾತ್ರಿ ನೀನು ಯಾವ ದಡದಲ್ಲಿದ್ದೆ?" ಉತ್ತರ ಮೂರು:

"ಮೇಲಿನ ದಡ. ಗೇಟ್ ಎತ್ತಿದ್ದು ನಮ್ಮಪ್ಪನೇ."
"ಕೆಳಗಿನ ದಡ. ನಮ್ಮನೇಲಿ ಉಳಿದಿದ್ದು ನಾನೊಬ್ಬನೇ."
"ನಾನಾಗ ಹುಟ್ಟೇ ಇರ್ಲಿಲ್ಲ."

ಇಷ್ಟೇ. ಅಣೆಕಟ್ಟು ತಾನಾಗೇ ಒಡೀಲಿಲ್ಲ, ಯಾರೋ ಗೇಟ್ ಎತ್ತಿದ್ರು, ಸತ್ತಿದ್ದು ಕೆಳಗಿನೋರು, ಎರಡೂ ದಡಕ್ಕೆ ಇವತ್ತಿಗೂ ಆಗಲ್ಲ, ಮೊದಲನೇ ಗೇಮಿನ ಅರ್ಧ ಕಥೆ ಮುಗೀತು. ಯಾವುದನ್ನ ಒತ್ತಿದ್ರೂ ಮೂರನ್ನೂ ಓದ್ಲೇಬೇಕಲ್ಲ, ಯಾಕಂದ್ರೆ ಉತ್ತರ ಕೊಡೋದು ಅವರೇ. ಟೆಕ್ಸ್ಟ್ ತಾನಾಗೇ ಬಂದು ಹೋದ್ರೆ ಯಾರೂ ಓದಲ್ಲ, ಅದೇ ಟೆಕ್ಸ್ಟನ್ನ ಬಟನ್ ಮಾಡಿದ್ರೆ ಎರಡೆರಡು ಸಲ ಓದ್ತಾರೆ. ಅದರ ಮೇಲೆ ಇನ್ನೊಂದು ಲಾಭ, ಹೊಸಬ್ರು ಬಹುಪಾಲು ಮೂರನೇದನ್ನೇ ಒತ್ತುತಾರೆ, ಹಳಬ್ರು ಮೊದಲನೇದು ನೋಡಿ ಅಲ್ಲೇ ಬೆಚ್ಚಿಬೀಳ್ತಾರೆ ಯಾಕಂದ್ರೆ ಗೇಟ್ ಎತ್ತಿದ್ದು ಯಾರು ಅಂತ ಅವರಿಗೆ ಗೊತ್ತು. ಹಾಗಾಗಿ "ಮೊದಲನೇ ಭಾಗ ಆಡಿದ್ದೀರಾ" ಅಂತ ಮೆನುನಲ್ಲಿ ಕೇಳದೇನೇ ಗೇಮಿಗೆ ಒಂದು ಅಂದಾಜು ಸಿಗುತ್ತೆ. ಇಂಕ್‌ನಲ್ಲಿ (ಗೇಮಿನ ಸಂಭಾಷಣೆ ಬರೆಯೋ ಸ್ಕ್ರಿಪ್ಟ್ ಭಾಷೆ) ಉತ್ತರ ನೆನಪಿಡೋಕೆ ಒಂದು ವೇರಿಯಬಲ್, ಅಷ್ಟೇ ಖರ್ಚು. ಆ ವೇರಿಯಬಲ್ಲನ್ನ ಮೂರನೇ ಅಧ್ಯಾಯದಲ್ಲಿ ಏನು ಮಾಡ್ತೀನಿ ಅನ್ನೋದು ಮಾತ್ರ ಇಲ್ಲಿ ಹೇಳಲ್ಲ, ಮುಂದಿನ ಗೇಮಿಗೂ ಬೇಕು ಅದು.

ಪ್ರಶ್ನೆ ಎಲ್ಲಿ ಇಡ್ತೀರಾ ಅನ್ನೋದು ಮುಖ್ಯ. ಶುರುವಲ್ಲೇ ಇಟ್ರೆ ಕ್ಯಾರೆಕ್ಟರ್ ಕ್ರಿಯೇಶನ್ ಫಾರ್ಮ್ ತುಂಬಿಸಿದಂಗೆ ಕಣ್ಮುಚ್ಚಿ ಒತ್ತುತಾರೆ. ಮೊದಲನೇ ಫೈಟ್ ಆದ್ಮೇಲೆ, ಹೆಲ್ತ್ ಕಮ್ಮಿ ಇದ್ದಾಗ, ಕಾವಲುಗಾರನ ಕೈಲಿ ಕತ್ತಿ ಇದ್ದಾಗ ಕೇಳಿದ್ರೆ ಯೋಚ್ನೆ ಮಾಡಿ ಒತ್ತುತಾರೆ. ಮತ್ತೆ ತಪ್ಪು ಉತ್ತರ ಅಂತ ಇರ್ಬಾರ್ದು, ಇದೆ ಅನ್ನೋ ಭಯ ಮಾತ್ರ ಇರ್ಬೇಕು.

ಸೇತುವೆಗೆ ಬರೋ ಮುಂಚೆ ಪ್ರಶ್ನೆಗೆ ನೆಲ ಹದ ಮಾಡಿದ್ದು ನಮ್ಮ ಆರ್ಟಿಸ್ಟ್. ಊರಿನ ಪ್ರತಿ ಮನೆ ಗೋಡೆ ಮೇಲೂ ಆಳೆತ್ತರಕ್ಕೆ ನೀರು ನಿಂತ ಕಂದು ಗೆರೆ ಎಳೆದಳು, ಒಂದೇ ಡಿಕ್ಯಾಲ್ (ಗೋಡೆಗೆ ಅಂಟಿಸೋ ಚಿತ್ರ), ಅರ್ಧ ದಿನದ ಕೆಲಸ. ಟೆಸ್ಟರ್‌ಗಳು ತಾವಾಗೇ "ಇದೇನು ಗೆರೆ" ಅಂತ ಕೇಳೋಕೆ ಶುರು ಮಾಡಿದ್ರು, ಕಾವಲುಗಾರನ ಪ್ರಶ್ನೆ ಬಂದಾಗ ಎರಡೂ ತಾವೇ ಜೋಡಿಸ್ಕೊಂಡ್ರು.

ನಡುವೆ ಇನ್ನೊಂದು ಪ್ರಯೋಗ ಮಾಡಿದ್ದೆ. ಡಾರ್ಕ್ ಸೋಲ್ಸ್ (2011) ತರ ಐಟಂ ವಿವರಣೇಲಿ ಕಥೆ ಇಟ್ರೆ ಅಗೆಯೋರಿಗೆ ಹಬ್ಬ, ಆದ್ರೆ ನಮ್ಮೋರು ಓದದೇ ಅಂಗಡೀಲಿ ಮಾರಿಬಿಡ್ತಿದ್ರು. ಅದಕ್ಕೆ ವಿವರಣೇನ ಮಾರೋ ಸ್ಕ್ರೀನಿಗೇ ಹಾಕಿದೆ, "ಮಾರ್ತೀರಾ?" ಅನ್ನೋದರ ಮೇಲೆ ಒಂದೇ ಸಾಲು: "ಉಂಗುರದ ಒಳಗೆ ಎರಡು ಹೆಸರು, ಒಂದನ್ನ ಉಜ್ಜಿ ಅಳಿಸಿದಾರೆ." ಗೇಮಲ್ಲಿ ಹೀಗೆ ಬದಲಾಯಿಸಿದ ಮೇಲೆ ಆ ಉಂಗುರ ಮಾರೋರು ಅರ್ಧಕ್ಕಿಂತ ಕಮ್ಮಿ ಆದ್ರು, ಅದರಿಂದ ಆಡೋರ ಕೈಲಿ ನಾಣ್ಯ ಕಮ್ಮಿಯಾಗಿ ಗೇಮಿನ ಎಕಾನಮಿ ಕೆಟ್ಟು ಪ್ರೋಗ್ರಾಮರ್ ನನ್ನ ಮೇಲೆ ಕೂಗಾಡಿದ. ಉಂಗುರದ ಬೆಲೆ ಇಳಿಸಿ, ಹೆಣಗಳ ಮೇಲೆ ಸಿಗೋ ನಾಣ್ಯ ಸ್ವಲ್ಪ ಜಾಸ್ತಿ ಮಾಡಿ ಸರಿಮಾಡ್ಕೊಂಡ್ವಿ.

ಕೊನೇ ಟೆಸ್ಟಲ್ಲಿ ಒಂದು ಗಂಟೆ ಆಡಿದ ಹೊಸಬ್ರನ್ನ "ಎರಡು ದಡಕ್ಕೆ ಯಾಕೆ ಜಗಳ" ಅಂತ ಕೇಳಿದ್ರೆ ಹತ್ತರಲ್ಲಿ ಎಂಟು ಜನ ಸರಿಯಾಗಿ ಹೇಳಿದ್ರು, ವಿಡಿಯೋ ಇದ್ದಾಗ ಮೂರೋ ನಾಲ್ಕೋ. ಕೋಡೆಕ್ಸ್ ಈಗ ಎರಡು ಸಾವಿರ ಪದ ಇರ್ಬಹುದು, ಲೋಕಲೈಸೇಶನ್ನಲ್ಲಿ ಉಳಿದ ದುಡ್ಡಲ್ಲಿ ಕಾವಲುಗಾರನಿಗೆ ಒಳ್ಳೇ ವಾಯ್ಸ್ ಹಾಕ್ಸಿದೆ. ವಿಡಿಯೋನ ಪಬ್ಲಿಷರ್ ಟ್ರೇಲರ್ ಅಂತ ಬಳಸ್ಕೊಂಡ್ರು, ಅದಕ್ಕೆ ಬೇರೆ ದುಡ್ಡೇನೂ ಕೊಡ್ಲಿಲ್ಲ.