ಕೀಂಟನ್ ಕಲಿಸುವುದು ಹೇಗೆ?

ಮೇ 27ರಿಂದ ಜೂನ್ 3ರವರೆಗೆ ಆಸ್ಟ್ರೇಲಿಯಾದಲ್ಲಿ ರೆಕನ್ಸಿಲಿಯೇಶನ್ ವಾರ, ಅಂದರೆ ಅಲ್ಲಿನ ಮೂಲನಿವಾಸಿಗಳ ಜೊತೆ ಉಳಿದವರ ಸಂಬಂಧ ಸುಧಾರಿಸಲೆಂದು ಆಚರಿಸುವ ವಾರ. ಆಗ ಎಷ್ಟೋ ಶಾಲೆಗಳಲ್ಲಿ ಆಬೊರಿಜಿನಲ್ ಜನರ, ಅಂದರೆ ಆ ಮೂಲನಿವಾಸಿಗಳ, ಚೆಂಡಾಟ ಆಡಿಸುತ್ತಾರೆ. ಬ್ರಿಸ್ಬೇನ್‌ನ ಶಾಲೆಯೊಂದರ ಆಟದ ಪೀರಿಯಡ್‌ಗೆ ಸಹಾಯಕ್ಕೆ ಹೋಗುತ್ತೇನೆ. ಕೀಂಟನ್ ಅನ್ನುವ ಸೊಗಸಾದ ಆಟ ಕೆಡುವುದನ್ನು ಅಲ್ಲಿ ಎಷ್ಟೋ ಸಲ ನೋಡಿದ್ದೇನೆ. ಕೆಡುವುದು ಯಾವಾಗಲೂ ಜಿಗಿತದಲ್ಲೇ.

ಮೊದಲು, ಆಟ ಯಾರದು ಅಂತ ಮಕ್ಕಳಿಗೆ ಹೇಳಿ. 'ಆಬೊರಿಜಿನಲ್ ಆಟ' ಅಂದರೆ ಸಾಲದು. ಆ ದೇಶದ ಮೂಲನಿವಾಸಿಗಳಲ್ಲೇ 250ಕ್ಕೂ ಹೆಚ್ಚು ಭಾಷೆಗಳಿದ್ದವು. ಇದು ಕ್ವೀನ್ಸ್‌ಲ್ಯಾಂಡ್ ರಾಜ್ಯದ ವಾಯವ್ಯ ಭಾಗದ ಆಟ. ಗಂಡಸರು, ಹೆಂಗಸರು ಎಲ್ಲರೂ ಆಡುತ್ತಿದ್ದರು. ಚೆಂಡಿಗೆ ಜಿಗಿಯುವವರು ಕಾಂಗರೂ ಥರ ಕಾಣುತ್ತಾರೆ ಅಂತ ಮೌಂಟ್ ಐಸಾ ಸುತ್ತಲಿನ ಕಾಲ್ಕಡೂನ್ ಜನ ಇದನ್ನು 'ಕಾಂಗರೂ ಆಟ' ಅನ್ನುತ್ತಿದ್ದರು. ಕೀಂಟನ್ ಅನ್ನುವ ಹೆಸರು ಮಾತ್ರ ಉತ್ತರ ಕ್ವೀನ್ಸ್‌ಲ್ಯಾಂಡ್‌ನ ವಿಕ್-ಮುಂಕನ್ ಭಾಷೆಯದು. 'ಆಟ' ಅಂತಲೇ ಅದರ ಅರ್ಥ. ಊರಿನ ಆಬೊರಿಜಿನಲ್ ಹಿರಿಯರನ್ನು ಕರೆದು ಅವರಿಂದಲೇ ಹೇಳಿಸಿದರೆ ಇನ್ನೂ ಒಳ್ಳೆಯದು.

ಚೆಂಡು. ಹಿಂದೆ ಪಾಸಮ್ ಅನ್ನುವ ಮರದ ಪ್ರಾಣಿ, ಪುಟ್ಟ ಕಾಂಗರೂವಿನಂಥ ವಾಲಬಿ ಇಲ್ಲವೇ ಕಾಂಗರೂ ಚರ್ಮದ ತುಂಡನ್ನು ಹುರಿಯಿಂದ ಬಿಗಿದು ಮಾಡುತ್ತಿದ್ದರು. ನಾವು ಲಗೋರಿಗೆ ಬಟ್ಟೆ ಚೆಂಡು ಕಟ್ಟುತ್ತಿದ್ದೆವಲ್ಲ, ಹಾಗೇ ಕಟ್ಟಿ. ಒಂದೆರಡು ಜೊತೆ ಹಳೇ ಕಾಲುಚೀಲ, ಮೇಲೆ ಗಟ್ಟಿ ಹುರಿ, ಸಾಕು. ಟೆನಿಸ್ ಚೆಂಡು ಬೇಡ, ಪುಟ್ಟ ಕೈಗೆ ತಾಗಿ ಪುಟಿದು ಹೋಗುತ್ತದೆ. ಚುಕ್ಕಿ ಚಿತ್ತಾರ ಮುದ್ರಿಸಿದ ಪ್ಲಾಸ್ಟಿಕ್ ಚೆಂಡನ್ನಂತೂ ಕೊಳ್ಳಲೇಬೇಡಿ. ಆ ಚುಕ್ಕಿ ಚಿತ್ರಗಳು ಮಧ್ಯ ಆಸ್ಟ್ರೇಲಿಯಾದ ಮರುಭೂಮಿಯ ಜನರವು. ಈ ಆಟಕ್ಕೂ ಅವಕ್ಕೂ ಸಂಬಂಧವಿಲ್ಲ.

ಬ್ಯಾಸ್ಕೆಟ್‌ಬಾಲ್ ಅಂಕಣದಷ್ಟು ಜಾಗ, ಎರಡು ತಂಡ, ತಂಡಕ್ಕೆ ಐದಾರು ಮಕ್ಕಳು. ಚೆಂಡನ್ನು ನಮ್ಮವರಲ್ಲೇ ಎಸೆದಾಡುತ್ತಾ ಎದುರಿನವರಿಗೆ ಸಿಗದಂತೆ ನೋಡಿಕೊಳ್ಳುವುದು, ಅಷ್ಟೇ.

ಈಗ ಜಿಗಿತ. ಎರಡೂ ಕಾಲು ನೆಲ ಬಿಟ್ಟಿರುವಾಗಲೇ ಚೆಂಡು ಹಿಡಿಯಬೇಕು. ಮಕ್ಕಳು ಏನು ಮಾಡುತ್ತಾರೆ ಅಂದರೆ, ನಿಂತೇ ಹಿಡಿದು ಆಮೇಲೆ ಸುಮ್ನೆ ಒಂದು ಸಲ ಕುಪ್ಪಳಿಸುತ್ತಾರೆ. ಟೀಚರ್ ನೋಡಿಯೂ ಬಿಟ್ಟುಬಿಡುತ್ತಾರೆ. ಐದೇ ನಿಮಿಷಕ್ಕೆ ಅದು ಬರೀ ಕ್ಯಾಚ್ ಆಟವಾಗುತ್ತದೆ. ಆದರೆ ತಪ್ಪು ಜಾಸ್ತಿ ಇರುವುದು ಎಸೆಯುವವರ ಕಡೆ. ಎದೆಗೆ ನೇರವಾಗಿ ಬಂದ ಚೆಂಡಿಗೆ ಯಾರು ತಾನೇ ಜಿಗಿಯುತ್ತಾರೆ?

ಹಾಗಾಗಿ ಮೊದಲು ಎಸೆತ ಕಲಿಸಿ. ಜೋಡಿ ಜೋಡಿಯಾಗಿ, 3 ಮೀಟರ್ ದೂರ ನಿಲ್ಲಿಸಿ. ಕೈ ಕೆಳಗಿನಿಂದ ಬೀಸಿ, ಎದುರಿನವರ ತಲೆಗಿಂತ ಒಂದು ಮೊಳ ಮೇಲೆ ಬರುವಂತೆ ಎಸೆಯಲಿ. ಚೆಂಡು ಏರುವಾಗ ಹಿಡಿಯುವವರು ಮಂಡಿ ಬಗ್ಗಿಸಬೇಕು, ಇಳಿಯಲು ಶುರುವಾದ ತಕ್ಷಣ ಹಾರಬೇಕು. ನಾನು ಚಪ್ಪಾಳೆ ತಟ್ಟುತ್ತೇನೆ: ಮೊದಲನೆಯದಕ್ಕೆ ಮಂಡಿ, ಎರಡನೆಯದಕ್ಕೆ ಜಿಗಿತ. ಕೆಳಗಿಳಿಯುವುದೂ ಎರಡೂ ಕಾಲ ಮೇಲೆ, ಮಂಡಿ ಸಡಿಲ ಬಿಟ್ಟು. ಇದಕ್ಕೆ ಪೂರ್ತಿ 15 ನಿಮಿಷ ಕೊಡಿ. ಇದನ್ನು ಹಾರಿಸಿ ನೇರ ಆಟಕ್ಕೆ ಇಳಿಯುವುದೇ ಎಲ್ಲರೂ ಹಿಡಿಯುವ ಅಡ್ಡದಾರಿ.

ಜಿಗಿದದ್ದು ನಿಜವೇ ಅಂತ ತಿಳಿಯಲು ನಿಮ್ಮ ಕಣ್ಣು ಚೆಂಡಿನ ಮೇಲಿರಬಾರದು, ಮಕ್ಕಳ ಶೂ ಮೇಲಿರಬೇಕು. ಬಿಸಿಲಿದ್ದರೆ ಸುಲಭ. ಕಾಲು ನೆಲ ಬಿಟ್ಟರೆ ಶೂ, ಅದರ ನೆರಳು ಬೇರೆಬೇರೆ ಕಾಣುತ್ತವೆ. ಹೋದ ವರ್ಷ ಮೂರನೇ ಕ್ಲಾಸಿನ ಹುಡುಗಿಯೊಬ್ಬಳು ಹತ್ತಾರು ಸಲ ಚೆಂಡು ಬಿಟ್ಟಳು. ಆಮೇಲೊಮ್ಮೆ ನೆರಳು ಕೆಳಗೇ ಉಳಿಯಿತು, ಚೆಂಡು ಅವಳ ಎರಡೂ ಅಂಗೈ ನಡುವೆ ಇತ್ತು. ಇಡೀ ಸಾಲು ಕೂಗಿತು.

ಆಟ ಶುರುವಾದ ಮೇಲೆ ಮೈ ಮುಟ್ಟುವಂತಿಲ್ಲ. ಚೆಂಡು ನೆಲಕ್ಕೆ ಬಿದ್ದರೆ ಎದುರು ತಂಡಕ್ಕೆ. ನಾಲ್ಕು ನಿಮಿಷಕ್ಕೊಮ್ಮೆ ನೀರು ಕುಡಿಸಿ, ಈ ಜಿಗಿತಕ್ಕೆ ಮಕ್ಕಳು ಬೇಗ ದಣಿಯುತ್ತಾರೆ.