ನೆಟ್‌ವರ್ಕ್ ನಂಬದೆ ಡಿಜಿಟಲ್ ಪಾಠ: ಮಲೆನಾಡಿನ ಶಾಲೆಗೆ ಒಂದು ಹಳೆಯ ಲ್ಯಾಪ್‌ಟಾಪ್, ಒಂದು ರೂಟರ್ ಸಾಕು

ಕೊಡಗಿನಲ್ಲಿ ಡಿಜಿಟಲ್ ಪಾಠಕ್ಕೆ ಇಳಿಯುವ ಶಿಕ್ಷಕರು ಮೊದಲು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದದ್ದು ಮಳೆಯನ್ನು. ಶಾಲೆ ತೆರೆದು ಸ್ವಲ್ಪ ದಿನಕ್ಕೇ ಮಳೆ ಹಿಡಿಯುತ್ತದೆ. ಮರ ಬಿದ್ದು ಲೈನ್ ಹೋಗುತ್ತದೆ, ಕರೆಂಟ್ ಹೋದ ಮೇಲೆ ಟವರಿನ ಬ್ಯಾಟರಿಯೂ ಎಷ್ಟು ಹೊತ್ತು ತಾಳೀತು? ಜುಲೈ, ಆಗಸ್ಟಿನಲ್ಲಿ ಮಳೆ ರಜೆ ಬೇರೆ. ಭಾಗಮಂಡಲ, ನಾಪೋಕ್ಲು, ಶಾಂತಳ್ಳಿ ಕಡೆಯ ಶಾಲೆಯಲ್ಲಿ ಯೂಟ್ಯೂಬ್ ತೆರೆದು ಪಾಠ ಮಾಡಲು ಹೊರಟರೆ, ಪರದೆಯ ಮೇಲೆ ತಿರುಗುವ ಚಕ್ರ ನೋಡುವುದರಲ್ಲೇ ಪೀರಿಯಡ್ ಮುಗಿಯುತ್ತದೆ. ಆದ್ದರಿಂದ ತರಗತಿಯ ಹೊತ್ತಿನಲ್ಲಿ ಅಂತರ್ಜಾಲ ಬೇಡವೇ ಬೇಡ ಎಂದು ಮೊದಲೇ ತೀರ್ಮಾನಿಸಿಬಿಡಿ. ಬೇಕಾದ್ದನ್ನೆಲ್ಲ ಮಡಿಕೇರಿಯಲ್ಲೋ ಕುಶಾಲನಗರದಲ್ಲೋ, ಒಳ್ಳೆಯ ಸಂಪರ್ಕ ಇರುವಲ್ಲಿ ಇಳಿಸಿಕೊಂಡು, ಶಾಲೆಯೊಳಗೇ ಒಂದು ಪುಟ್ಟ ಸರ್ವರ್ (ಪಾಠಗಳನ್ನು ಇಟ್ಟುಕೊಂಡು ಶಾಲೆಯ ಟ್ಯಾಬುಗಳಿಗೆ ಒದಗಿಸುವ ಕಂಪ್ಯೂಟರ್) ನಡೆಸುವುದು ಹೇಗೆಂಬುದನ್ನು ಇಲ್ಲಿ ವಿವರಿಸಿದೆ.

ಒಂದೇ ಪಾಠದಿಂದ ಶುರು

ಹತ್ತು ಆ್ಯಪ್ ಹಾಕಿಕೊಂಡು ಆಮೇಲೆ ಯಾವ ಪಾಠಕ್ಕೆ ಯಾವುದು ಎಂದು ಹುಡುಕುವುದು ತಲೆಕೆಳಗಾದ ದಾರಿ. ಕಪ್ಪುಹಲಗೆಯಲ್ಲಿ ಎಷ್ಟು ಹೇಳಿದರೂ ಮಕ್ಕಳಿಗೆ ಹತ್ತದ ಒಂದು ವಿಷಯವನ್ನು ಮೊದಲು ಗುರುತಿಸಿ. ಹತ್ತನೇ ತರಗತಿಯ ವಿದ್ಯುತ್ ಪಾಠ ಇದಕ್ಕೆ ಹೇಳಿ ಮಾಡಿಸಿದಂತಿದೆ. ಸರಣಿಯಲ್ಲಿ ಎರಡು ಬಲ್ಬ್ ಜೋಡಿಸಿದರೆ ಮೊದಲ ಬಲ್ಬ್ ಕರೆಂಟನ್ನು ಖರ್ಚು ಮಾಡಿ ಎರಡನೆಯದಕ್ಕೆ ಉಳಿದಷ್ಟನ್ನು ಬಿಡುತ್ತದೆ ಎಂದು ಬಹಳ ಮಕ್ಕಳು ನಂಬಿರುತ್ತಾರೆ. ಈ ನಂಬಿಕೆ ವಿವರಣೆಗೆ ಬಗ್ಗುವುದಿಲ್ಲ, ಅವರೇ ಅಳೆದು ನೋಡಬೇಕು.

ಇದಕ್ಕೆ, ಪರದೆಯ ಮೇಲೆಯೇ ಪ್ರಯೋಗ ಮಾಡಿ ನೋಡಬಹುದಾದ ಫೆಟ್ ಸಿಮ್ಯುಲೇಶನ್‌ಗಳಿವೆ. ನೊಬೆಲ್ ಪಡೆದ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ಯೋಜನೆ ಇದು. ಉಚಿತ, ಹಲವು ಸಿಮ್ಯುಲೇಶನ್‌ಗಳು ಕನ್ನಡದಲ್ಲೂ ಇವೆ. ಪುಟದಲ್ಲಿರುವ ಕೆಳಮುಖ ಬಾಣ ಒತ್ತಿದರೆ ಇಡೀ ಸಿಮ್ಯುಲೇಶನ್ ಒಂದೇ ಫೈಲಾಗಿ ಇಳಿಯುತ್ತದೆ. ಕೆಲವೇ ಎಂಬಿ ತೂಕ, ಅಂತರ್ಜಾಲವಿಲ್ಲದೆ ಬ್ರೌಸರಿನಲ್ಲಿ ತೆರೆಯುತ್ತದೆ. ವಿದ್ಯುತ್ ಪಾಠಕ್ಕೆ ಬೇಕಾದದ್ದು ‘ಸರ್ಕ್ಯೂಟ್ ಕನ್‌ಸ್ಟ್ರಕ್ಷನ್ ಕಿಟ್: ಡಿಸಿ’.

ಪಠ್ಯಪುಸ್ತಕದ ಪಾಠಗಳಲ್ಲಿ ಅಚ್ಚಾಗಿರುವ ಕ್ಯೂಆರ್ ಕೋಡನ್ನೂ ಮರೆಯಬೇಡಿ. 2017ರಲ್ಲಿ ಆರಂಭವಾದ, ಸರ್ಕಾರದ ಶಾಲಾಪಾಠಗಳ ದೀಕ್ಷಾ ಆ್ಯಪಿನಲ್ಲಿ ಸ್ಕ್ಯಾನ್ ಮಾಡಿ ಡೌನ್‌ಲೋಡ್ ಮಾಡಿಟ್ಟರೆ ಆ ಪಾಠದ ಸಾಮಗ್ರಿ ನೆಟ್ ಇಲ್ಲದಾಗಲೂ ತೆರೆಯುತ್ತದೆ. ವಿಡಿಯೊವನ್ನು ಪೂರ್ತಿ ನೋಡಿದ ಮೇಲೆಯೇ ತರಗತಿಗೆ ತನ್ನಿ. ಎಲ್ಲವೂ ಒಂದೇ ಮಟ್ಟದಲ್ಲಿಲ್ಲ.

ನಿಮ್ಮದೇ ದನಿಯ ಐದು ನಿಮಿಷ

ಇಲ್ಲಿನ ತರಗತಿಯಲ್ಲಿ ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳ, ಯರವ ಭಾಷೆ ಮಾತಾಡುವ ಮಕ್ಕಳು ಒಟ್ಟಿಗೆ ಕೂತಿರುತ್ತಾರೆ. ಎಲ್ಲಿಯೋ ಮಾಡಿದ ಗ್ರಾಂಥಿಕ ಕನ್ನಡದ ವಿಡಿಯೊಗಿಂತ, ದಿನಾ ಕೇಳುವ ತಮ್ಮ ಟೀಚರ ದನಿ ಅವರಿಗೆ ಬೇಗ ಹತ್ತುತ್ತದೆ. ಆದ್ದರಿಂದ ಪಾಠಕ್ಕೊಂದು ವಿಡಿಯೊವನ್ನು ನೀವೇ ಮಾಡಿ.

ಎರಡು ಕುರ್ಚಿಗಳ ಬೆನ್ನಿನ ಮೇಲೆ ಒಂದು ಮರದ ಪಟ್ಟಿ ಅಡ್ಡ ಇಟ್ಟು, ಕ್ಯಾಮೆರಾ ಕೆಳಮುಖವಾಗುವಂತೆ ಫೋನನ್ನು ಅದಕ್ಕೆ ಕಟ್ಟಿ. ಕೆಳಗೆ ಬಿಳಿ ಹಾಳೆ, ದಪ್ಪ ಸ್ಕೆಚ್ ಪೆನ್. ಬೆಳಕು ಕಿಟಕಿಯಿಂದ, ನೀವು ಬರೆಯುವ ಕೈಯ ಎದುರು ಬದಿಯಿಂದ ಬರಲಿ. ಇಲ್ಲದಿದ್ದರೆ ಅಕ್ಷರದ ಮೇಲೆ ಕೈಯ ನೆರಳು ಬೀಳುತ್ತದೆ. ಚಿತ್ರ ಸ್ವಲ್ಪ ಮಸುಕಾದರೂ ನಡೆಯುತ್ತದೆ, ದನಿ ಕೆಟ್ಟರೆ ವಿಡಿಯೊ ಕೆಟ್ಟಂತೆಯೇ. ಶೀಟಿನ ಮಾಡಿನ ಕೋಣೆಯಲ್ಲಿ ಮಳೆಯ ಹೊತ್ತಿಗೆ ರೆಕಾರ್ಡಿಂಗ್ ಸಾಧ್ಯವೇ ಇಲ್ಲ. ಏಪ್ರಿಲ್, ಮೇ ತಿಂಗಳಲ್ಲೇ ಇದನ್ನು ಮುಗಿಸಿಕೊಳ್ಳಿ, ಮೈಕ್ ಇರುವ ಇಯರ್‌ಫೋನನ್ನು ಕೊರಳಪಟ್ಟಿಗೆ ಸಿಕ್ಕಿಸಿಕೊಳ್ಳಿ. ತರಗತಿಯಲ್ಲೂ ಇದೇ ತೊಂದರೆ: ಮಳೆಯ ಸದ್ದಿನ ಎದುರು ಲ್ಯಾಪ್‌ಟಾಪಿನ ಸ್ಪೀಕರ್ ಕೇಳಿಸುವುದಿಲ್ಲ, ಪ್ರತ್ಯೇಕ ಸ್ಪೀಕರ್ ಬೇಕು.

ಮುಗಿದ ವಿಡಿಯೊವನ್ನು ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ 480 ಪಿಕ್ಸೆಲ್ ಎತ್ತರಕ್ಕೆ, ಎಂಪಿ4 ರೂಪಕ್ಕೆ ಇಳಿಸಿ. ಐದು ನಿಮಿಷದ್ದು ಸುಮಾರು 20–30 ಎಂಬಿಗೆ ಬರುತ್ತದೆ. ಇದಕ್ಕಿಂತ ದೊಡ್ಡದಾದರೆ ಹಳೆಯ ಟ್ಯಾಬುಗಳಲ್ಲಿ ತಡೆತಡೆದು ಓಡುತ್ತದೆ.

ಸರ್ವರ್ ಕಟ್ಟುವುದು

ಮೂಲೆ ಸೇರಿದ ಲ್ಯಾಪ್‌ಟಾಪ್ ಸಾಕು: 4 ಜಿಬಿ ರ‍್ಯಾಮ್, 50 ಜಿಬಿಯಷ್ಟು ಖಾಲಿ ಜಾಗ, ಒಂದೆರಡು ಗಂಟೆ ತಾಳುವ ಬ್ಯಾಟರಿ. ಅದರಲ್ಲಿ ಕೊಲಿಬ್ರಿ ಹಾಕಿ. ಅಂತರ್ಜಾಲವಿಲ್ಲದ ಶಾಲೆಗಳಿಗೆಂದೇ ಲರ್ನಿಂಗ್ ಈಕ್ವಾಲಿಟಿ ಎಂಬ ಸಂಸ್ಥೆ ರೂಪಿಸಿರುವ ಉಚಿತ ತಂತ್ರಾಂಶ ಇದು. ಮೊದಲ ಸಲ ತೆರೆದಾಗ ಒಬ್ಬರ ಬಳಕೆಗೋ ಗುಂಪಿಗೋ ಎಂದು ಕೇಳುತ್ತದೆ, ಗುಂಪು ಕಲಿಕೆಯನ್ನು ಆರಿಸಿ.

ನಿಮ್ಮ ಸಾಮಗ್ರಿ ಅದರೊಳಗೆ ಹೋಗಲು ಕೊಲಿಬ್ರಿ ಸ್ಟುಡಿಯೊ ಎಂಬ ಜಾಲತಾಣದಲ್ಲಿ ಖಾತೆ ತೆರೆದು ಒಂದು ಚಾನೆಲ್, ಅಂದರೆ ನಿಮ್ಮ ಪಾಠಗಳ ಸಂಗ್ರಹ, ಮಾಡಬೇಕು. ವಿಡಿಯೊ, ಪಿಡಿಎಫ್ ನೇರವಾಗಿ ಏರುತ್ತವೆ. ಫೆಟ್ ಫೈಲಿಗೆ ಮಾತ್ರ ಒಂದು ಕ್ರಮವಿದೆ: ಫೈಲಿನ ಹೆಸರನ್ನು ‘ಇಂಡೆಕ್ಸ್’ ಎಂದು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಬದಲಿಸಿ (ಕೊನೆಯ ಎಚ್‌ಟಿಎಂಎಲ್ ಹಾಗೇ ಇರಲಿ), ಆ ಫೈಲನ್ನಷ್ಟೇ ಜಿಪ್ ಮಾಡಿ ಏರಿಸಿ. ಫೋಲ್ಡರಿನೊಳಗಿಟ್ಟು ಜಿಪ್ ಮಾಡಿದರೆ ಅದು ತೆರೆಯುವುದಿಲ್ಲ, ಏಕೆಂದರೆ ಕೊಲಿಬ್ರಿ ಆ ಹೆಸರಿನ ಫೈಲನ್ನು ಜಿಪ್ಪಿನ ಮೊದಲ ಹಂತದಲ್ಲೇ ಹುಡುಕುತ್ತದೆ. ಎಲ್ಲ ಏರಿಸಿ ಪಬ್ಲಿಶ್ ಒತ್ತಿದ ಮೇಲೆ ಒಂದು ಟೋಕನ್ (ಆ ಚಾನೆಲನ್ನು ಗುರುತಿಸುವ ಚಿಕ್ಕ ಸಂಕೇತ) ಸಿಗುತ್ತದೆ. ಲ್ಯಾಪ್‌ಟಾಪಿನ ಕೊಲಿಬ್ರಿಯಲ್ಲಿ ಚಾನೆಲ್ ಆಮದು ಮಾಡುವಲ್ಲಿ ಆ ಟೋಕನ್ ಹಾಕಿದರೆ ಪೂರ್ತಿ ಚಾನೆಲ್ ಇಳಿದು ಬರುತ್ತದೆ. ಇಷ್ಟು ಕೆಲಸಕ್ಕೆ ಮಾತ್ರ ನೆಟ್ ಬೇಕು.

ಮಕ್ಕಳ ಖಾತೆಗೆ ಇಮೇಲ್ ಬೇಡ, ಫೋನ್ ನಂಬರ್ ಬೇಡ. ಕ್ರಮಸಂಖ್ಯೆಯನ್ನೇ ಬಳಕೆದಾರ ಹೆಸರಾಗಿ ಕೊಡಿ. ವಿದ್ಯಾರ್ಥಿಗಳಿಗೆ ಪಾಸ್‌ವರ್ಡ್ ಬೇಡವೆಂದೂ ಸೆಟ್ಟಿಂಗಿನಲ್ಲಿ ಆರಿಸಬಹುದು. ಹೊರಗಿನ ಯಾವುದೇ ಆ್ಯಪಿಗೆ ಮಕ್ಕಳ ಹೆಸರು, ಫೋಟೊ ಕೊಡುವ ಮುನ್ನ ನೆನಪಿಡಿ: 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷ ತುಂಬದವರೆಲ್ಲ ಮಕ್ಕಳೇ, ಅವರ ಮಾಹಿತಿಗೆ ಪೋಷಕರ ಒಪ್ಪಿಗೆ ಕೇಳುವುದು ಅದರ ಮೂಲ ನಿಯಮ.

ವೈಫೈ: ಹೆಚ್ಚಿನವರು ಎಡವುವ ಜಾಗ

ಅಂತರ್ಜಾಲ ಸಂಪರ್ಕವಿಲ್ಲದ ರೂಟರ್ ಕೂಡ ವೈಫೈ ಕೊಡುತ್ತದೆ. ಲ್ಯಾಪ್‌ಟಾಪನ್ನು ರೂಟರಿಗೆ ಕೇಬಲಿನಲ್ಲೇ ಜೋಡಿಸಿ, ಟ್ಯಾಬುಗಳು ವೈಫೈಗೆ ಸೇರಲಿ. ಆಮೇಲೆ ಟ್ಯಾಬಿನ ಬ್ರೌಸರಿನಲ್ಲಿ ಲ್ಯಾಪ್‌ಟಾಪಿನ ಐಪಿ ವಿಳಾಸ (ನೆಟ್‌ವರ್ಕಿನಲ್ಲಿ ಅದನ್ನು ಗುರುತಿಸುವ ಅಂಕಿ), ಕೋಲನ್ ಚಿಹ್ನೆ, ಆಮೇಲೆ 8080 ಬರೆದರೆ ಕೊಲಿಬ್ರಿ ತೆರೆಯುತ್ತದೆ. ಉದಾಹರಣೆಗೆ 192.168.1.50:8080.

ತೆರೆಯದಿದ್ದರೆ ಕಾರಣ ಸಾಮಾನ್ಯವಾಗಿ ಇವುಗಳಲ್ಲೊಂದು. ವಿಂಡೋಸ್ ಹೊಸ ನೆಟ್‌ವರ್ಕನ್ನು ‘ಪಬ್ಲಿಕ್’ ಎಂದು ಗುರುತಿಸಿಕೊಂಡು, ಬೇರೆ ಸಾಧನಗಳು ಒಳಬರದಂತೆ ಫೈರ್‌ವಾಲ್ ಹಾಕುತ್ತದೆ. ನೆಟ್‌ವರ್ಕ್ ಸೆಟ್ಟಿಂಗಿನಲ್ಲಿ ಅದನ್ನು ‘ಪ್ರೈವೇಟ್’ ಮಾಡಿ, ಕೊಲಿಬ್ರಿಗೆ ಅನುಮತಿ ಕೊಡಿ. ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ತೆರೆದು ಟ್ಯಾಬಿನಲ್ಲಿ ಮಾತ್ರ ಬರದಿದ್ದರೆ ಮೊದಲು ನೋಡಬೇಕಾದದ್ದು ಇದನ್ನೇ. ಎರಡನೆಯದು, ಆಂಡ್ರಾಯ್ಡ್ ಸಾಧನ ‘ಈ ವೈಫೈಯಲ್ಲಿ ಇಂಟರ್ನೆಟ್ ಇಲ್ಲ’ ಎಂದು ಹೇಳಿ ಸದ್ದಿಲ್ಲದೆ ಮೊಬೈಲ್ ಡೇಟಾಗೆ ಹೊರಳುತ್ತದೆ. ಡೇಟಾ ಆಫ್ ಮಾಡಿ, ಸಂಪರ್ಕ ಉಳಿಸಿಕೊಳ್ಳಬೇಕೆ ಎಂದು ಕೇಳಿದರೆ ಹೌದು ಎನ್ನಿ. ಮೂರನೆಯದು ರೂಟರಿನ ಗೆಸ್ಟ್ ನೆಟ್‌ವರ್ಕ್. ಅದಕ್ಕೆ ಸೇರಿದ ಸಾಧನಗಳು ಒಂದನ್ನೊಂದು ನೋಡಲಾರವು, ಮುಖ್ಯ ನೆಟ್‌ವರ್ಕಿಗೇ ಸೇರಿಸಿ. ನಿನ್ನೆ ತೆರೆದ ವಿಳಾಸ ಇವತ್ತು ತೆರೆಯದಿದ್ದರೆ ರೂಟರ್ ಲ್ಯಾಪ್‌ಟಾಪಿಗೆ ಬೇರೆ ಐಪಿ ಕೊಟ್ಟಿದೆ ಎಂದರ್ಥ. ರೂಟರಿನ ಅಡ್ರೆಸ್ ರಿಸರ್ವೇಶನ್ ಪುಟದಲ್ಲಿ ಒಮ್ಮೆ ಕಾಯ್ದಿರಿಸಿ, ವಿಳಾಸವನ್ನು ಗೋಡೆಯ ಮೇಲೆ ದೊಡ್ಡದಾಗಿ ಬರೆದು ಅಂಟಿಸಿ. ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿದರೂ ನಿದ್ದೆ ಹೋಗದಂತೆ ಪವರ್ ಸೆಟ್ಟಿಂಗ್ ಬದಲಿಸುವುದನ್ನೂ ಮರೆಯಬೇಡಿ.

ಹಳೆಯ ಕಟ್ಟಡದ ದಪ್ಪ ಕಲ್ಲಿನ ಗೋಡೆ ದಾಟಿ ಸಿಗ್ನಲ್ ಹೋಗುವುದು ಕಷ್ಟ. ರೂಟರನ್ನು ಪಾಠ ನಡೆಯುವ ಕೋಣೆಯಲ್ಲೇ, ತಲೆಗಿಂತ ಎತ್ತರದಲ್ಲಿಡಿ. ಹಳೆಯ ಟ್ಯಾಬುಗಳಿಗೆ 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಸಿಗುವುದರಿಂದ ಅದನ್ನು ಆನ್ ಇಟ್ಟಿರಿ. ಮನೆಬಳಕೆಯ ರೂಟರಿಗೆ ಹತ್ತು–ಹದಿನೈದು ಸಾಧನ ಹಿತ. ನಾಲ್ಕು ಮಕ್ಕಳಿಗೊಂದು ಟ್ಯಾಬ್ ಎಂದರೆ ಅಷ್ಟು ಸಾಕು, ಮಕ್ಕಳು ತಮ್ಮತಮ್ಮಲ್ಲಿ ವಾದ ಮಾಡಲೂ ಅದೇ ಒಳ್ಳೆಯದು.

ಕರೆಂಟಿನ ಲೆಕ್ಕ

ಹೆಚ್ಚಿನ ಸಣ್ಣ ರೂಟರುಗಳು 12 ವೋಲ್ಟ್‌ನವು. ಅದಕ್ಕೆಂದೇ ಬರುವ ಮಿನಿ ಯುಪಿಎಸ್ ಕೆಲವು ಗಂಟೆ ನಡೆಸುತ್ತದೆ. ಕೊಳ್ಳುವ ಮುನ್ನ ಅಡಾಪ್ಟರಿನ ಮೇಲೆ ಬರೆದ ವೋಲ್ಟ್ ನೋಡಿ. 9 ವೋಲ್ಟ್ ರೂಟರಿಗೆ 12 ವೋಲ್ಟ್ ಕೊಟ್ಟರೆ ಅದು ಸುಟ್ಟುಹೋಗಬಹುದು. ಹೆಚ್ಚು ಕರೆಂಟ್ ತಿನ್ನುವುದು ಪ್ರೊಜೆಕ್ಟರ್. 250 ವ್ಯಾಟಿನ ಪ್ರೊಜೆಕ್ಟರನ್ನು 12 ವೋಲ್ಟ್, 150 ಆಂಪಿಯರ್-ಅವರ್ ಬ್ಯಾಟರಿಯ ಇನ್ವರ್ಟರಿಗೆ ಹಾಕಿದರೆ ಲೆಕ್ಕ ಹೀಗೆ: ಒಟ್ಟು 1800 ವ್ಯಾಟ್-ಅವರ್, ಬ್ಯಾಟರಿ ಬಾಳಿಕೆ ಬರಬೇಕಾದರೆ ಅರ್ಧ ಮಾತ್ರ ಬಳಸಬೇಕು, 900, ಇನ್ವರ್ಟರಿನಲ್ಲಿ ಐದನೇ ಒಂದು ಭಾಗ ಸೋರಿಹೋಗುತ್ತದೆ ಎಂದುಕೊಂಡರೆ 720. ಅಂದರೆ ಮೂರು ಗಂಟೆಯೂ ಇಲ್ಲ. ಪ್ರೊಜೆಕ್ಟರನ್ನು ಪಾಠದ ಮೊದಲ ಹತ್ತು ನಿಮಿಷಕ್ಕೆ ಮಾತ್ರ ಇಟ್ಟುಕೊಂಡು, ಉಳಿದದ್ದನ್ನು ಟ್ಯಾಬುಗಳಿಗೆ ಬಿಡುವುದೇ ಸರಿ.

ತರಗತಿಯ ನಲವತ್ತು ನಿಮಿಷ

ಸಿಮ್ಯುಲೇಶನ್ ಕೊಟ್ಟು ‘ಆಡಿ’ ಎಂದರೆ ಮಕ್ಕಳು ಬ್ಯಾಟರಿಗೆ ನೇರವಾಗಿ ವೈರ್ ಕೊಟ್ಟು ಬೆಂಕಿ ಹತ್ತುವುದನ್ನು ನೋಡುತ್ತ ಕೂರುತ್ತಾರೆ. ಐದು ನಿಮಿಷ ಅದಕ್ಕೂ ಬಿಡಿ, ಶಾರ್ಟ್ ಸರ್ಕ್ಯೂಟ್ ಎಂದರೇನೆಂದು ತಾನಾಗಿ ತಿಳಿಯುತ್ತದೆ. ಆಮೇಲೆ ಟ್ಯಾಬುಗಳನ್ನು ಬೋರಲು ಹಾಕಿಸಿ.

ಹಲಗೆಯ ಮೇಲೆ ಒಂದು ಬ್ಯಾಟರಿ, ಸರಣಿಯಲ್ಲಿ ಎರಡು ಬಲ್ಬ್ ಬರೆಯಿರಿ. ಬ್ಯಾಟರಿ 9 ವೋಲ್ಟ್, ಬಲ್ಬಿನ ರೋಧ ತಲಾ 10 ಓಮ್. ಯಾವ ಬಲ್ಬಿನಲ್ಲಿ ಪ್ರವಾಹ ಹೆಚ್ಚು ಎಂದು ಪ್ರತಿಯೊಬ್ಬರೂ ನೋಟ್‌ಬುಕ್ಕಿನಲ್ಲಿ ಪೆನ್ನಿನಿಂದ ಬರೆಯಲಿ, ಪೆನ್ಸಿಲ್ ಬೇಡ. ಬರೆದಿಟ್ಟ ಊಹೆ ಇದ್ದರೆ ಮಾತ್ರ ಕಂಡದ್ದು ಅದನ್ನು ಅಲುಗಾಡಿಸುತ್ತದೆ. ಇಲ್ಲದಿದ್ದರೆ ‘ನನಗೆ ಮೊದಲೇ ಗೊತ್ತಿತ್ತು’ ಎಂದು ತೇಲಿಸಿಬಿಡುತ್ತಾರೆ. ಈಗ ಸರ್ಕ್ಯೂಟ್ ಕಟ್ಟಿ ಆಮ್ಮೀಟರನ್ನು ಮೊದಲ ಬಲ್ಬಿನ ಮುಂಚೆ, ಎರಡರ ನಡುವೆ, ಎರಡನೆಯದರ ಆಚೆ ಇಡಲಿ. ಮೂರು ಕಡೆಯೂ 0.45 ಆಂಪಿಯರ್. ತರಗತಿ ಗಲಗಲ ಎನ್ನುವುದು ಆಗಲೇ.

ನಂತರ ಒಂದು ಬಲ್ಬ್ ತೆಗೆಸಿ, ಆ ಜಾಗಕ್ಕೆ ವೈರ್ ಜೋಡಿಸಲಿ: 0.9 ಆಂಪಿಯರ್. ಪ್ರವಾಹ ಎರಡರಷ್ಟಾಯಿತು, ಆದರೆ ಬೆಳಕು ಯಾಕೆ ಎರಡರಷ್ಟಕ್ಕಿಂತ ಬಹಳ ಹೆಚ್ಚಾಯಿತು ಎಂದು ಕೇಳಿ. ಸಾಮರ್ಥ್ಯ ಪ್ರವಾಹದ ವರ್ಗಕ್ಕೆ ಅನುಗುಣ. ಬಲ್ಬಿಗೆ ಸುಮಾರು 2 ವ್ಯಾಟ್ ಇದ್ದದ್ದು 8.1 ವ್ಯಾಟ್ ಆಗಿರುತ್ತದೆ. ಸಮಾಂತರವಾಗಿ ಜೋಡಿಸಿದಾಗ ತಲಾ 0.9, ಬ್ಯಾಟರಿಯಿಂದ 1.8. ಮನೆಯ ವೈರಿಂಗ್ ಸಮಾಂತರ ಏಕೆ ಎಂಬ ಪ್ರಶ್ನೆಯನ್ನು ಮಕ್ಕಳೇ ಎತ್ತುತ್ತಾರೆ.

ಸಾಧ್ಯವಿದ್ದರೆ ಮರುದಿನ ನಿಜವಾದ ಟಾರ್ಚ್ ಸೆಲ್, ಬಲ್ಬ್, ವೈರ್ ಕೊಡಿ. ನಿಜವಾದ ಬಲ್ಬಿನಲ್ಲಿ ಇಷ್ಟು ಅಚ್ಚುಕಟ್ಟಾದ ಅಂಕಿ ಬರುವುದಿಲ್ಲ. ಬಿಸಿಯಾದಂತೆ ತಂತಿಯ ರೋಧ ಏರುತ್ತದೆ. ಅದನ್ನು ಮುಚ್ಚಿಡದೆ ಹೇಳಿ.

ಪರೀಕ್ಷಿಸುವಾಗ ಕನ್ನಡದ ತೊಡಕುಗಳು

ಕೊಲಿಬ್ರಿ ಸ್ಟುಡಿಯೊದಲ್ಲೇ ಬಹು ಆಯ್ಕೆಯ ಪ್ರಶ್ನೆ ಮಾಡಬಹುದು. ಯಾವ ಪ್ರಶ್ನೆಯಲ್ಲಿ ಎಷ್ಟು ಮಂದಿ ತಪ್ಪಿದರೆಂದು ಶಿಕ್ಷಕರ ಪುಟದಲ್ಲಿ ಕಾಣುತ್ತದೆ. ಅಂಕಕ್ಕಿಂತ ಆ ಪಟ್ಟಿಯೇ ಬೆಲೆಯುಳ್ಳದ್ದು, ನಾಳೆಯ ಪಾಠ ಎಲ್ಲಿಂದ ಎಂಬುದನ್ನು ಅದು ಹೇಳುತ್ತದೆ.

ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಪ್ರಶ್ನೆಪತ್ರಿಕೆಯನ್ನು ಇಲ್ಲಿಗೆ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳು ಕಾಣುತ್ತವೆ. ಮೊದಲು ಯೂನಿಕೋಡಿಗೆ ಪರಿವರ್ತಿಸಿ, ಒತ್ತಕ್ಷರ ಮತ್ತು ಅರ್ಕಾವತ್ತನ್ನು ಕಣ್ಣಾರೆ ತಿದ್ದಿ. ಗೂಗಲ್ ಫಾರ್ಮ್ ಬಳಸುವವರು ಕಿರು ಉತ್ತರದ ಪ್ರಶ್ನೆಗೆ ತಾನಾಗಿ ಅಂಕ ಕೊಡುವ ವ್ಯವಸ್ಥೆ ಇಡಬೇಡಿ. ‘ಆಮ್ಮೀಟರ್’ ಎಂದು ಕೀಲಿ ಉತ್ತರವಿದ್ದು ಮಗು ‘ಅಮ್ಮೀಟರ್’ ಎಂದು ಬರೆದರೆ ಯಂತ್ರ ಸೊನ್ನೆ ಕೊಡುತ್ತದೆ. ಸರಿಯಾಗಿ ತಿಳಿದ ಮಗುವಿಗೆ ಸೊನ್ನೆ ಬೀಳುವುದು ಅನ್ಯಾಯ.

ಮಳೆ ರಜೆಯಲ್ಲಿ

ತೋಟದ ಕಾರ್ಮಿಕರ ಲೈನ್ ಮನೆಗಳಲ್ಲಿ ಇರುವುದು ಸಾಮಾನ್ಯವಾಗಿ ಒಂದು ಫೋನ್, ಅದೂ ಕೆಲಸಕ್ಕೆ ಹೋದ ಅಪ್ಪನ ಜೇಬಿನಲ್ಲಿ. ಆದ್ದರಿಂದ ಲೈವ್ ಕ್ಲಾಸ್ ಇಡಬೇಡಿ. ಸಂಜೆ ಕೇಳಬಹುದಾದ ಎರಡು ನಿಮಿಷದ ಧ್ವನಿ ಸಂದೇಶ, ಪುಸ್ತಕದ ಪುಟಸಂಖ್ಯೆ, ಒಂದು ಪ್ರಶ್ನೆ, ಇಷ್ಟು ಸಾಕು. ಧ್ವನಿ ಸಂದೇಶ ಒಂದು ಎಂಬಿಯನ್ನೂ ಮುಟ್ಟುವುದಿಲ್ಲ, ಸಿಗ್ನಲ್ ಒಂದು ಕಡ್ಡಿ ಇದ್ದರೂ ಹೋಗಿ ತಲುಪುತ್ತದೆ. ವಾಟ್ಸ್‌ಆ್ಯಪಿನಲ್ಲಿ ನೋಟ್ಸಿನ ಫೋಟೊ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿ. ಫೋಟೊ ಆಗಿ ಕಳಿಸಿದರೆ ಅದು ಕುಗ್ಗಿ ಸಣ್ಣ ಅಕ್ಷರ ಓದಲಾಗುವುದಿಲ್ಲ. ಮಳೆ ಜೋರಾಗುವ ಮುಂಚಿನ ವಾರವೇ ಪೋಷಕರ ಫೋನುಗಳಿಗೆ ಮೆಮೊರಿ ಕಾರ್ಡಿನಿಂದ ವಿಡಿಯೊಗಳನ್ನು ಹಾಕಿಕೊಟ್ಟರೆ ಇನ್ನೂ ಉತ್ತಮ. ಫೋನೇ ಇಲ್ಲದ ಮಗುವಿಗೆ ಅದೇ ಪಾಠ ಅಚ್ಚಿನ ಹಾಳೆಯಲ್ಲಿ ಸಿಗಲೇಬೇಕು, ಇದರಲ್ಲಿ ರಾಜಿ ಬೇಡ.

ಯಂತ್ರಗಳ ಆರೈಕೆ

ಥಂಡಿ ಇಲ್ಲಿನ ಯಂತ್ರಗಳ ದೊಡ್ಡ ಶತ್ರು. ಬೀರುವಿನಲ್ಲಿ ಮೂರು ತಿಂಗಳು ಮುಚ್ಚಿಟ್ಟ ಪ್ರೊಜೆಕ್ಟರಿನ ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ. ಬಿಗಿಮುಚ್ಚಳದ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಚೀಲಗಳೊಂದಿಗೆ ಇಡಿ, ವಾರಕ್ಕೊಮ್ಮೆ ಅರ್ಧ ಗಂಟೆ ಓಡಿಸಿ; ಯಂತ್ರದ ಬಿಸಿಯೇ ಒಳಗಿನ ತೇವ ಓಡಿಸುತ್ತದೆ. ಮಾರ್ಚ್, ಏಪ್ರಿಲಿನಲ್ಲಿ ಕಾಫಿ ಹೂ ಅರಳಿಸುವ ಹೂಮಳೆಯ ಹೊತ್ತಿಗೆ ಗುಡುಗು, ಸಿಡಿಲು ಹೆಚ್ಚು. ಶಾಲೆ ಬಿಡುವಾಗ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕೀಳಬೇಕು. ರೂಟರಿಗೆ ಟೆಲಿಫೋನಿನ ತಾಮ್ರದ ತಂತಿ ಬಂದಿದ್ದರೆ ಅದನ್ನೂ ಕೀಳಬೇಕು, ಆ ದಾರಿಯಲ್ಲೂ ಸಿಡಿಲು ಒಳಬರುತ್ತದೆ.

ಚಾನೆಲಿಗೆ ಹೊಸ ಪಾಠ ಸೇರಿಸಿ ಲ್ಯಾಪ್‌ಟಾಪಿಗೆ ಇಳಿಸಿಕೊಂಡಾಗಲೆಲ್ಲ ಕೊಲಿಬ್ರಿಯ ಎಕ್ಸ್‌ಪೋರ್ಟ್ ಆಯ್ಕೆಯಿಂದ 64 ಜಿಬಿಯ ಪೆನ್‌ಡ್ರೈವಿಗೂ ಒಂದು ಪ್ರತಿ ತೆಗೆದಿಡಿ. ಲ್ಯಾಪ್‌ಟಾಪ್ ಕೆಟ್ಟರೆ ಇನ್ನೊಂದರಲ್ಲಿ ಕೊಲಿಬ್ರಿ ಹಾಕಿ ಆ ಪೆನ್‌ಡ್ರೈವಿನಿಂದಲೇ ಚಾನೆಲ್ ಆಮದು ಮಾಡಿಕೊಳ್ಳಬಹುದು. ಪಕ್ಕದ ಶಾಲೆಗೆ ಕೊಡುವುದಿದ್ದರೂ ಇದೇ ದಾರಿ, ಅವರಿಗೂ ನೆಟ್ ಬೇಕಾಗುವುದಿಲ್ಲ.