12,000 ರೂಪಾಯಿ, 80 ದಿನ

ಪಿಯುಸಿ ಫಲಿತಾಂಶ ಬಂದದ್ದು 2022ರ ಜೂನ್‌ನಲ್ಲಿ. ಕಲಾ ವಿಭಾಗ, ಕನ್ನಡ ಮಾಧ್ಯಮ, 600ಕ್ಕೆ 548. ಅಪ್ಪ ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಹಮಾಲಿ. ಸಂಜೆ ಮನೆಗೆ ಬಂದವರು, "ಮುಂದಕ್ಕೆ ಓದವ್ವ, ದುಡ್ಡಿನ ಚಿಂತೆ ನನಗೆ ಬಿಡು" ಅಂದರು. ಆ ದುಡ್ಡು ಅವರ ಬೆನ್ನ ಮೇಲಿನ ಮೂಟೆಯಿಂದಲೇ ಬರಬೇಕಿತ್ತು. ಹಾಗಾಗಿ ಚಿಂತೆ ಬಿಡಲು ನನಗೆ ಆಗಲಿಲ್ಲ.

ಹತ್ತಿರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಬಿಎ ಸೇರಿದೆ. ಅರ್ಥಶಾಸ್ತ್ರ ಮತ್ತು ಇತಿಹಾಸ. ಕಾಲೇಜಿನ ಶುಲ್ಕ ಅಷ್ಟೇನೂ ಇರಲಿಲ್ಲ. ಬಸ್ ಪಾಸು, ಪುಸ್ತಕ, ಪರೀಕ್ಷಾ ಶುಲ್ಕ, ಮೊಬೈಲ್ ರೀಚಾರ್ಜ್, ಇವೇ ಸೇರಿ ದೊಡ್ಡದಾಗುತ್ತಿತ್ತು. ಒಂದು ಬಟ್ಟೆ ಅಂಗಡಿಯಲ್ಲಿ ದಿನಕ್ಕೆ 150 ರೂಪಾಯಿಗೆ ಕೆಲಸಕ್ಕೆ ಹೋಗತೊಡಗಿದೆ. ಮೊದಲು ಭಾನುವಾರ ಮಾತ್ರ. ಹಬ್ಬದ ಸೀಸನ್ ಬಂದಾಗ ವಾರದ ಮಧ್ಯೆಯೂ. ಆ ದಿನಗಳಲ್ಲಿ ಕ್ಲಾಸಿಗೆ ಚಕ್ಕರ್.

ನಮ್ಮ ಅರ್ಥಶಾಸ್ತ್ರದ ಮೇಡಂ ಒಂದು ದಿನ ನಿಲ್ಲಿಸಿ ಕೇಳಿದರು. "ಯಾಕಮ್ಮಾ ಬರ್ತಾ ಇಲ್ಲ?" ಹೇಳಿದೆ. "ಎನ್‌ಎಸ್‌ಪಿಯಲ್ಲಿ ಅರ್ಜಿ ಹಾಕಿದ್ದೀಯಾ?" ಇಲ್ಲ ಅಂದೆ. ಎನ್‌ಎಸ್‌ಪಿ ಅಂದರೆ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್. ಅದರಲ್ಲಿ ಅರ್ಜಿ ಹಾಕುವ ಒಂದು ಸ್ಕಾಲರ್‌ಶಿಪ್ ಬಗ್ಗೆ ಕೇಳಿದ್ದೆ. ಆದರೆ ಅದು ಸೈನ್ಸ್ ಹುಡುಗರಿಗೆ, 98 ಪರ್ಸೆಂಟ್ ತೆಗೆದವರಿಗೆ ಅಂತ ನಾನೇ ತೀರ್ಮಾನ ಮಾಡಿಬಿಟ್ಟಿದ್ದೆ. ಮೇಡಂ ನಿಯಮಾವಳಿಯ ಪ್ರತಿ ಕೊಟ್ಟು, "ಮೊದಲು ಇದನ್ನ ಓದು, ಆಮೇಲೆ ಆಗಲ್ಲ ಅನ್ನು" ಅಂದರು.

ಅದು ಕೇಂದ್ರ ಶಿಕ್ಷಣ ಸಚಿವಾಲಯದ ಯೋಜನೆ. ಹೆಸರು ಸೆಂಟ್ರಲ್ ಸೆಕ್ಟರ್ ಸ್ಕೀಮ್ ಆಫ್ ಸ್ಕಾಲರ್‌ಶಿಪ್, ಎಲ್ಲರೂ ಸಿಎಸ್‌ಎಸ್‌ಎಸ್ ಅಂತಾರೆ. ದೇಶಕ್ಕೆಲ್ಲ ಸೇರಿ ವರ್ಷಕ್ಕೆ 82,000 ಹೊಸ ವಿದ್ಯಾರ್ಥಿವೇತನ. ಅದರಲ್ಲಿ ಅರ್ಧ ಹೆಣ್ಣುಮಕ್ಕಳಿಗೆ. ಡಿಗ್ರಿಯ ಮೂರು ವರ್ಷ, ವರ್ಷಕ್ಕೆ 12,000 ರೂಪಾಯಿ. ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷದ ಒಳಗಿರಬೇಕು. ಹನ್ನೆರಡನೇ ತರಗತಿಯಲ್ಲಿ 80ನೇ ಪರ್ಸೆಂಟೈಲ್‌ಗಿಂತ ಮೇಲಿರಬೇಕು.

ಈ ಪರ್ಸೆಂಟೈಲ್ ಅನ್ನೋ ಪದ ಎಷ್ಟು ಜನರನ್ನು ಬಾಗಿಲಲ್ಲೇ ವಾಪಸ್ ಕಳಿಸಿದೆಯೋ! ನನ್ನ ಗೆಳತಿಗೆ 76 ಪರ್ಸೆಂಟ್ ಬಂದಿತ್ತು. "80 ಬೇಕಂತೆ ಕಣೇ, ನಂದು ಆಗಲ್ಲ" ಅಂತ ಅವಳು ಅರ್ಜಿಯನ್ನೇ ತೆರೆಯಲಿಲ್ಲ. ಪರ್ಸೆಂಟೈಲ್ ಅಂದರೆ ಅಂಕ ಅಲ್ಲ, ಸ್ಥಾನ. ಪಾಸಾದ 100 ಜನರನ್ನು ಅಂಕದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಿಮ್ಮ ಹಿಂದೆ 80 ಜನ ಇರಬೇಕು, ಅಷ್ಟೇ. ಆ ಸಾಲು ಯಾರದು ಅನ್ನೋದು ಇನ್ನೂ ಮುಖ್ಯ. ನಿಮ್ಮದೇ ಬೋರ್ಡು, ನಿಮ್ಮದೇ ವಿಭಾಗ. ಕಲಾ ವಿಭಾಗದವರನ್ನು ಕಲಾ ವಿಭಾಗದವರ ಜೊತೆಗೇ ಹೋಲಿಸುತ್ತಾರೆ. ಸೈನ್ಸ್‌ನವರ ಅಂಕಕ್ಕೂ ನಮಗೂ ಸಂಬಂಧವಿಲ್ಲ.

ಆದರೆ ಅದರಲ್ಲೇ ನನಗೆ ಬೇಜಾರಾದ ಮಾತೂ ಇದೆ. ರಾಜ್ಯದ ಪಾಲನ್ನು ವಿಜ್ಞಾನ, ವಾಣಿಜ್ಯ, ಕಲೆಗೆ 3:2:1ರಂತೆ ಹಂಚುತ್ತಾರೆ. ಆರರಲ್ಲಿ ಒಂದು ಪಾಲು ನಮಗೆ. 80 ದಾಟಿದರೆ ಅರ್ಜಿ ಹಾಕುವ ಅರ್ಹತೆ ಬಂತು ಅಷ್ಟೇ. ಆಯ್ಕೆ ಆ ಒಂದು ಪಾಲಿನೊಳಗೆ ಮೆರಿಟ್ ಪ್ರಕಾರ ನಡೆಯುತ್ತದೆ. ಹಳ್ಳಿಯ ಸರ್ಕಾರಿ ಕಾಲೇಜುಗಳಲ್ಲಿ ಬಿಎ ಓದುವವರು ಬಹುಪಾಲು ನನ್ನಂಥ ಮನೆಯವರೇ. ಆ ಪಾಲು ಹೆಚ್ಚಾಗಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಇರುವ ಆ ಒಂದು ಪಾಲಿಗೂ ನಾವು ಅರ್ಜಿ ಹಾಕದೆ ಕೂತರೆ ಹೇಗೆ?

ಇನ್ನೊಂದು ನಿಯಮವನ್ನು ಎರಡು ಸಲ ಓದಿದೆ. ಬೇರೆ ವಿದ್ಯಾರ್ಥಿವೇತನ ಪಡೆಯುತ್ತಿರುವವರಿಗೆ ಇದು ಸಿಗುವುದಿಲ್ಲ. "ಎರಡಕ್ಕೂ ಹಾಕಿಬಿಡು, ಯಾವುದು ಬರುತ್ತೋ ಬರಲಿ" ಅಂತ ತುಂಬಾ ಜನ ಹೇಳಿದರು. ನಾನು ರಾಜ್ಯ ಸರ್ಕಾರದ ವಿದ್ಯಾರ್ಥಿವೇತನಗಳ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ನನಗೆ ಎಷ್ಟು ಬರಬಹುದು ಅಂತ ಲೆಕ್ಕ ಹಾಕಿ, 12,000ವೇ ಜಾಸ್ತಿ ಅಂತ ಖಚಿತವಾದ ಮೇಲೆ ಇದೊಂದಕ್ಕೇ ಹಾಕಿದೆ. ನಿಮ್ಮ ಲೆಕ್ಕ ಬೇರೆ ಆಗಬಹುದು. ನನ್ನ ಪಕ್ಕ ಕೂರುತ್ತಿದ್ದವಳು ರೈತರ ಮಗಳು. ಅವಳಿಗೆ ರೈತರ ಮಕ್ಕಳಿಗಾಗಿ ಇರುವ ರಾಜ್ಯದ ರೈತ ವಿದ್ಯಾನಿಧಿಯಿಂದ 5,500 ರೂಪಾಯಿ ಬಂತು.

ಅರ್ಜಿ ತುಂಬಿದ್ದು ಒಂದು ಸಂಜೆಯ ಕೆಲಸ. ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಎರಡು ಸಲ ಹೋದೆ. ಸಬ್ಮಿಟ್ ಒತ್ತಿದ ಮೇಲೆ ಎಲ್ಲ ಮುಗೀತು ಅಂದುಕೊಂಡೆ. ಮುಗಿದಿರಲಿಲ್ಲ. ನಾವು ಹಾಕಿದ ಅರ್ಜಿಯನ್ನು ಕಾಲೇಜಿನವರು ತಮ್ಮ ಲಾಗಿನ್‌ನಲ್ಲಿ ತೆರೆದು ಪರಿಶೀಲಿಸಿ ಮುಂದಕ್ಕೆ ಕಳಿಸಬೇಕು. ಅದಕ್ಕೂ ಕೊನೆಯ ದಿನಾಂಕ ಇರುತ್ತದೆ. ಕೊನೆಗೆ ನಾಲ್ಕು ದಿನ ಇದೆ ಅನ್ನುವಾಗ ನೋಡಿದರೆ ನನ್ನ ಅರ್ಜಿ ಇನ್ನೂ ಕಾಲೇಜಿನ ಹಂತದಲ್ಲೇ ಕೂತಿತ್ತು. ಓಡಿ ಹೋಗಿ ಕೇಳಿದರೆ ಪಾಸ್‌ವರ್ಡ್ ಗೊತ್ತಿದ್ದವರು ವರ್ಗವಾಗಿ ಹೋಗಿದ್ದಾರೆ. ಮೇಡಂ ನನ್ನ ಜೊತೆ ಪ್ರಿನ್ಸಿಪಾಲರ ಕೊಠಡಿಗೆ ಬಂದು, ಹೊಸ ಲಾಗಿನ್ ಮಾಡಿಸುವವರೆಗೂ ಎದ್ದು ಹೋಗಲಿಲ್ಲ. ಆ ದಿನ ನನ್ನದರ ಜೊತೆ ಇನ್ನೂ ಆರು ಅರ್ಜಿಗಳು ಮುಂದಕ್ಕೆ ಹೋದವು. ನೆನೆಸಿಕೊಂಡರೆ ಈಗಲೂ ಎದೆ ಡವಡವ ಅನ್ನುತ್ತದೆ. ಅರ್ಜಿ ಹಾಕಿದವರು ವಾರಕ್ಕೊಮ್ಮೆ ಸ್ಟೇಟಸ್ ನೋಡಿ.

ಆಯ್ಕೆಯಾಯಿತು. ಆದರೆ ದುಡ್ಡು ಬರಲಿಲ್ಲ. ಪೋರ್ಟಲ್‌ನಲ್ಲಿ ಹಣ ಪಾವತಿಯಾಗಿದೆ ಅಂತ ತೋರಿಸುತ್ತಿತ್ತು, ನನ್ನ ಪಾಸ್‌ಬುಕ್ಕಿನಲ್ಲಿ ಏನೂ ಇಲ್ಲ. ಸುಮಾರು ದಿನ ಒದ್ದಾಡಿದ ಮೇಲೆ ಗೊತ್ತಾಯಿತು. ಇಂಥ ಹಣ ನಾವು ಅರ್ಜಿಯಲ್ಲಿ ಬರೆದ ಖಾತೆಗೇ ಬರಬೇಕೆಂದಿಲ್ಲ, ಆಧಾರ್ ಸೀಡಿಂಗ್, ಅಂದರೆ ಆಧಾರ್ ಜೋಡಣೆ, ಆಗಿರುವ ಖಾತೆಗೆ ಹೋಗುತ್ತದೆ. ನನ್ನ ಆಧಾರ್ ಜೋಡಣೆಯಾಗಿದ್ದು ಹೈಸ್ಕೂಲಿನಲ್ಲಿ ತೆರೆಸಿದ್ದ ಖಾತೆಗೆ. ಅದರ ಪಾಸ್‌ಬುಕ್ ಅಮ್ಮನ ಟ್ರಂಕಿನ ತಳದಲ್ಲಿತ್ತು. ಹೋಗಿ ಎಂಟ್ರಿ ಮಾಡಿಸಿದಾಗ 12,000 ಅಲ್ಲಿ ಕೂತಿತ್ತು. ಅಮ್ಮ ಆ ಪುಟವನ್ನು ಎಷ್ಟು ಹೊತ್ತು ನೋಡಿದರು ಅಂದರೆ, ನಾನೇ ಕೈಯಿಂದ ತೆಗೆದುಕೊಳ್ಳಬೇಕಾಯಿತು.

ಆ ವಾರ ಕ್ಲಾಸಿನಲ್ಲಿ ಅವಕಾಶ ವೆಚ್ಚದ ಪಾಠ ನಡೆದಿತ್ತು. ಒಂದನ್ನು ಆಯ್ದುಕೊಂಡಾಗ ಕೈಬಿಟ್ಟ ಇನ್ನೊಂದರ ಬೆಲೆ. ನೋಟ್‌ಬುಕ್ಕಿನ ಅಂಚಿನಲ್ಲಿ ಬರೆದೆ: 12,000 ಭಾಗಿಸು 150, ಸಮ 80. ಎಂಬತ್ತು ದಿನ ಅಂಗಡಿಯಲ್ಲಿ ನಿಲ್ಲಬೇಕಿಲ್ಲ. ಮಾರನೇ ದಿನವೇ ಹೋಗಿ ಕೆಲಸ ಬಿಟ್ಟೆ.

ಆ 80 ದಿನಗಳಲ್ಲಿ ಏನು ಮಾಡಿದೆ ಅನ್ನೋದೇ ನನಗೆ ಎಲ್ಲಕ್ಕಿಂತ ಹೆಮ್ಮೆಯ ಸಂಗತಿ. 2023ರಲ್ಲಿ ಕೊಬ್ಬರಿ ಬೆಲೆ ಕುಸಿದಿತ್ತು. ಉಂಡೆ ಕೊಬ್ಬರಿಗೆ ಆ ವರ್ಷ ಕೇಂದ್ರದ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ ಇತ್ತು. ಮಂಡಿಯಲ್ಲಿ ಅದಕ್ಕಿಂತ ಎಷ್ಟೋ ಕೆಳಗೆ ಮಾರಾಟವಾಗುತ್ತಿತ್ತು. ಅಪ್ಪ ಮನೆಗೆ ಬಂದು ಹರಾಜಿನ ಧಾರಣೆ ಹೇಳುತ್ತಿದ್ದರು, ನಾನು ಸುಮ್ನೆ ಬರೆದಿಡುತ್ತಿದ್ದೆ. ಮೇಡಂ ಅದನ್ನು ನೋಡಿ, "ಇದನ್ನ ಸರಿಯಾಗಿ ಮಾಡು" ಅಂದರು. ಆಮೇಲೆ ನಾನೇ ಮಂಡಿಗೆ ಹೋಗತೊಡಗಿದೆ. ಎರಡನೇ ವರ್ಷ ಪೂರ್ತಿ, 40 ಹರಾಜಿನ ಧಾರಣೆ ಬರೆದುಕೊಂಡೆ. ಗ್ರಾಫ್ ಹಾಳೆಯಲ್ಲಿ 11,750ಕ್ಕೆ ಕೆಂಪು ಗೆರೆ ಎಳೆದೆ. 22 ಬೆಳೆಗಾರರನ್ನು ಮಾತಾಡಿಸಿದೆ. ಕೇಂದ್ರದ ಪರವಾಗಿ ಖರೀದಿ ಮಾಡುವ ಸಹಕಾರಿ ಸಂಸ್ಥೆ ನಾಫೆಡ್ ಬೆಂಬಲ ಬೆಲೆಗೆ ಕೊಳ್ಳುತ್ತದೆ ಅಂತ ಎಲ್ಲರಿಗೂ ಗೊತ್ತಿತ್ತು. ಆದರೂ ನನ್ನ ಹತ್ತಿರ ಮಾತಾಡಿದ ಸಣ್ಣ ಬೆಳೆಗಾರರಲ್ಲಿ ಹೆಚ್ಚಿನವರು ಮಂಡಿಗೇ ಹಾಕಿದ್ದರು. ನೋಂದಣಿ, ಖರೀದಿ, ಹಣ ಜಮೆ, ಇಷ್ಟಕ್ಕೂ ಕಾಯುವ ಶಕ್ತಿ ಅವರಿಗಿರಲಿಲ್ಲ. ಮಗಳ ಮದುವೆ, ಸಾಲದ ಕಂತು ಕಾಯುತ್ತವೆಯೇ?

ಇದನ್ನೆಲ್ಲ ಸೇರಿಸಿ ಬರೆದ ಪ್ರಬಂಧಕ್ಕೆ ವಿದ್ಯಾರ್ಥಿಗಳ ವಿಚಾರ ಸಂಕಿರಣವೊಂದರಲ್ಲಿ ಮೊದಲ ಬಹುಮಾನ ಬಂತು. ಕನ್ನಡದಲ್ಲೇ ಮಂಡಿಸಿದೆ. ಅಪ್ಪ ಹಿಂದಿನ ಸಾಲಿನಲ್ಲಿ ಕೂತಿದ್ದರು, ಮಂಡಿಯ ಒಂದು ದಿನದ ಕೂಲಿ ಬಿಟ್ಟು.

ರ‍್ಯಾಂಕ್ ನನಗೆ ಬರಲಿಲ್ಲ. ಮೂರನೇ ಸೆಮಿಸ್ಟರಿನಲ್ಲಿ ಜ್ವರ ಬಂದು ಒಂದು ಪರೀಕ್ಷೆ ತಪ್ಪಿತು, ಮುಂದಿನ ಸಲ ಬರೆದೆ. ಎಲ್ಲವನ್ನೂ ಮೊದಲ ಪ್ರಯತ್ನದಲ್ಲೇ ಪಾಸಾದವರನ್ನು ಮಾತ್ರ ಚಿನ್ನದ ಪದಕಕ್ಕೆ ಪರಿಗಣಿಸುತ್ತಾರೆ ಅಂತ ಆಮೇಲೆ ತಿಳಿಯಿತು. ಅತ್ತಿದ್ದೂ ಹೌದು. ಪದಕದ ಆಸೆ ಇರುವವರು ಮೊದಲ ವರ್ಷದಲ್ಲೇ ತಮ್ಮ ವಿಶ್ವವಿದ್ಯಾಲಯದ ನಿಯಮ ಕೇಳಿ ತಿಳಿದುಕೊಳ್ಳಿ. ವಿದ್ಯಾರ್ಥಿವೇತನ ಮಾತ್ರ ನಿಲ್ಲಲಿಲ್ಲ. ಅದರ ನವೀಕರಣಕ್ಕೆ 50 ಪರ್ಸೆಂಟ್ ಅಂಕ, 75 ಪರ್ಸೆಂಟ್ ಹಾಜರಾತಿ ಸಾಕು. ಆದರೆ ಪ್ರತಿ ವರ್ಷ ನಾವೇ ನವೀಕರಣದ ಅರ್ಜಿ ಹಾಕಬೇಕು, ಕಾಲೇಜಿನವರು ಮತ್ತೆ ಪರಿಶೀಲಿಸಬೇಕು. ಮೊದಲ ವರ್ಷ ಹಣ ಪಡೆದು, ಎರಡನೇ ವರ್ಷ ಇದನ್ನು ಮರೆತು ಕಳೆದುಕೊಂಡ ಇಬ್ಬರು ನನ್ನ ಕ್ಲಾಸಿನಲ್ಲೇ ಇದ್ದರು.

ಒಂದು ಖಾಸಗಿ ವಿದ್ಯಾರ್ಥಿವೇತನದ ಆನ್‌ಲೈನ್ ಪರೀಕ್ಷೆಯನ್ನೂ ಬರೆದಿದ್ದೆ. ಆಯ್ಕೆಯಾಗಲಿಲ್ಲ. ಇಂಗ್ಲಿಷ್ ಭಾಗದಲ್ಲೇ ಸಮಯ ಮುಗಿದುಹೋಯಿತು. ಅಂದಿನಿಂದ ದಿನಾ ಒಂದು ಇಂಗ್ಲಿಷ್ ಸಂಪಾದಕೀಯ ಓದುವ ಅಭ್ಯಾಸ ಮಾಡಿಕೊಂಡೆ.

ಎಂಎಗೆ ಹೋಗಬೇಕು ಅಂದುಕೊಂಡಾಗ ಗಣಿತ ಅಡ್ಡ ಬಂತು. ಎಸ್‌ಎಸ್‌ಎಲ್‌ಸಿ ಆದ ಮೇಲೆ ನಾನು ಗಣಿತ ಓದಿರಲಿಲ್ಲ. ನಮ್ಮ ಕಾಲೇಜಿನ ಗಣಿತದ ಸರ್ ಬಿಎಸ್‌ಸಿ ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಕೂರಲು ಬಿಟ್ಟರು. ಸೀಮಾಂತ ವೆಚ್ಚ, ಸೀಮಾಂತ ಆದಾಯ ಅಂತ ಎರಡು ವರ್ಷ ಬಾಯಿಪಾಠ ಮಾಡಿದ್ದೆ. ಅದೆಲ್ಲ ಗಣಿತದ ಡಿಫರೆನ್ಸಿಯೇಷನ್, ಅಂದರೆ ಒಂದು ಚೂರು ಬದಲಾದರೆ ಇನ್ನೊಂದು ಎಷ್ಟು ಬದಲಾಗುತ್ತದೆ ಅನ್ನೋ ಲೆಕ್ಕ, ಅಂತ ಆ ಬೆಂಚಿನಲ್ಲಿ ಗೊತ್ತಾಯಿತು. ಅವತ್ತಿನ ಸಂತೋಷ ಹೇಳಲಿಕ್ಕೆ ಆಗದು. ಪಿಯುಸಿಯಲ್ಲಿ ಗಣಿತ ಬಿಟ್ಟವರು ಅರ್ಥಶಾಸ್ತ್ರವನ್ನು ಬಿಡಬೇಕಿಲ್ಲ. ಆದರೆ ಕೊನೆಯ ವರ್ಷದವರೆಗೆ ಕಾಯಬೇಡಿ.

2025ರಲ್ಲಿ ಸಿಯುಇಟಿ ಪಿಜಿ ಬರೆದೆ, ಕೇಂದ್ರೀಯ ವಿಶ್ವವಿದ್ಯಾಲಯಗಳ ಸ್ನಾತಕೋತ್ತರ ಪ್ರವೇಶ ಪರೀಕ್ಷೆ ಅದು. 75 ಪ್ರಶ್ನೆ, 90 ನಿಮಿಷ, ತಪ್ಪಿಗೆ ಅಂಕ ಕಳೆಯುತ್ತಾರೆ. ಪ್ರಶ್ನೆಪತ್ರಿಕೆ ಕನ್ನಡದಲ್ಲಿ ಇರುವುದಿಲ್ಲ. ಅದಕ್ಕೇ ಆರು ತಿಂಗಳು ಎರಡು ಕಾಲಂ ಮಾಡಿಕೊಂಡು ಓದಿದೆ, ಎಡಗಡೆ ಕನ್ನಡದ ಪದ, ಬಲಗಡೆ ಇಂಗ್ಲಿಷಿನದು. ಈಗ ಒಂದು ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಎಂಎ ಅರ್ಥಶಾಸ್ತ್ರ. ಅದೇ ಯೋಜನೆಯಲ್ಲಿ ಸ್ನಾತಕೋತ್ತರಕ್ಕೆ ವರ್ಷಕ್ಕೆ 20,000 ರೂಪಾಯಿ ಇದೆ, ಆ ಅರ್ಜಿಯನ್ನೂ ಹಾಕಿದ್ದೇನೆ.

ರಜೆಗೆ ಊರಿಗೆ ಹೋದಾಗ ಬೀದಿಯ ಇಬ್ಬರು ಹುಡುಗಿಯರನ್ನು ಕೂರಿಸಿಕೊಂಡು ಅರ್ಜಿ ತುಂಬಿಸಿದೆ. ಇಬ್ಬರೂ ಕಲಾ ವಿಭಾಗ. ಒಬ್ಬಳದು ಸಬ್ಮಿಟ್ ಆಯಿತು. ಇನ್ನೊಬ್ಬಳ ಆಧಾರ್ ಯಾವ ಖಾತೆಗೆ ಜೋಡಣೆಯಾಗಿದೆ ಅಂತ ಅವಳ ಮನೆಯಲ್ಲಿ ಯಾರಿಗೂ ತಿಳಿದಿಲ್ಲ. ಸೋಮವಾರ ಬ್ಯಾಂಕಿಗೆ ಹೋಗಿ ಫೋನ್ ಮಾಡ್ತೀನಿ ಅಕ್ಕಾ ಅಂದಿದ್ದಾಳೆ.